ನಾಲ್ಕನೇ ಫಾರಂ

ಹೊಲಿಗೆಯಕ್ಕ ಅಂದರೆ ರವಿಕೆ ಹೊಲಿಯುವವಳು ಅಂದುಕೊಳ್ಳಬೇಡಿ. ಅವಳು ಹೊಲಿಯುತ್ತಿದ್ದದ್ದು ಪುಸ್ತಕ. ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ, ಕಿಟಕಿ ಪಕ್ಕ ಕೂತು, ಮೂವತ್ತೊಂದು ವರ್ಷ ಅದನ್ನೇ ಮಾಡಿದಳು. ಹದಿನಾರು ಪುಟ ಅಚ್ಚಾದ ದೊಡ್ಡ ಹಾಳೆ ಬರುತ್ತದೆ, ಅದಕ್ಕೆ ಫಾರಂ ಅನ್ನುತ್ತಾರೆ. ಅದನ್ನು ಮಡಿಚಬೇಕು, ಒಂದನೆಯದು, ಎರಡನೆಯದು ಎಂದು ಸಾಲಾಗಿ ಜೋಡಿಸಬೇಕು, ಬೆನ್ನಿಗೆ ದಾರ ಹಾಕಬೇಕು, ಆಮೇಲೆ ಅಂಟು. ಆ ಅಂಟಿನ ಸುದ್ದಿ ಕೇಳಲೇಬೇಡಿ. ಮೈದಾ ಕುದಿಸಿ, ಹುಳ ಬೀಳದಿರಲಿ ಎಂದು ಮೈಲುತುತ್ತದ ವಿಷ ಹಾಕಿದ್ದು. ಎರಡನೇ ದಿನಕ್ಕೆ ಹುಳಿ ನಾತ. ಎಷ್ಟು ತೊಳೆದರೂ ಕೈಬಿಡದು. ಅದಕ್ಕೇ ಪಾಪ ಅವಳು ಚಮಚದಲ್ಲಿ ಉಣ್ಣುತ್ತಿದ್ದಳು, ಅತ್ತೆ ಮನೆಯವರು ಅದನ್ನು ಜಂಬ ಅಂದುಕೊಂಡರು. ಅದು ಬೇರೆಯೇ ಕಥೆ, ಇರಲಿ.

ಪುಸ್ತಕ ಕಂಡರೆ ಅವಳಿಗೆ ವಾಕರಿಕೆ. ನಾತಕ್ಕಲ್ಲ, ಒಳಗಿದ್ದದ್ದಕ್ಕೆ. ಮಡಿಚುವಾಗ ಕಣ್ಣು ತಾನಾಗಿ ಒಂದೆರಡು ಸಾಲು ಓದಿಬಿಡುತ್ತದಲ್ಲ? ಅದರಲ್ಲೂ ಒಬ್ಬ ಲೇಖಕರಿದ್ದರು. ಬಾಯಿ ಬಿಟ್ಟರೆ "ಇನ್ನೊಂದು ದೃಷ್ಟಿಕೋನದಿಂದ ನೋಡಿದರೆ" ಎನ್ನುವವರು. ಪ್ರೆಸ್ಸಿನವರೆಲ್ಲ ಹಿಂದಿನಿಂದ ಕೋನಪ್ಪ ಎನ್ನುತ್ತಿದ್ದರು. ಒಂದು ಪುಟದಲ್ಲಿ ಜನರೇ ದೊರೆಗಳು, ಮುಂದಿನ ಪುಟದಲ್ಲಿ ಜನ ಬರೀ ಕುರಿಗಳು. ಪ್ರೆಸ್ಸಿಗೆ ಬಂದಾಗಲೆಲ್ಲ ಕೋನಪ್ಪ ನಾಲಿಗೆಗೆ ಬೆರಳು ಒತ್ತಿ, ಎಂಜಲಿನಿಂದಲೇ ಹೊಸ ಪುಟ ತಿರುವುತ್ತಿದ್ದರು. ಹೊಲಿಗೆಯಕ್ಕ ಮುಖ ಆ ಕಡೆ ಮಾಡುತ್ತಿದ್ದಳು. ಮೈಲುತುತ್ತ ಹೊಟ್ಟೆಗೆ ಹೋದೀತು ಎಂದು ಒಮ್ಮೆಯೂ ಹೇಳಲಿಲ್ಲ, ನೋಡಿ.

ಒಂದು ವರ್ಷ ಕೋನಪ್ಪನವರ ಮೂರು ಪುಸ್ತಕ ಒಟ್ಟಿಗೆ ಬಂದವು. ರಾಜಕೀಯದ್ದೊಂದು, ಗಂಡ ಹೆಂಡತಿಯದ್ದೊಂದು, ಸತ್ತ ಮೇಲಿನದ್ದೊಂದು. ಒಂದೇ ಅಳತೆ, ಒಂದೇ ಕಾಗದ, ಅಷ್ಟೇ ಪುಟ. ಯಾವಾಗಲೂ ಫಾರಂನ ಕೆಳಗೆ ಸಣ್ಣಕ್ಷರದಲ್ಲಿ ಪುಸ್ತಕದ ಹೆಸರಿರುತ್ತದೆ. ಈ ಸಲ ಪ್ರೆಸ್ಸಿನ ಸಾಹುಕಾರರು ಅವಸರದಲ್ಲಿ ಬರೀ ನಂಬರು ಹಾಕಿಸಿದರು. ಅದೇ ವಾರ ಹೊಲಿಗೆಯಕ್ಕನ ತಂಗಿಯ ಗಂಡ ಬಸ್ ನಿಲ್ದಾಣದಲ್ಲಿ ಕುಸಿದು ಬಿದ್ದು ತೀರಿಹೋಗಿದ್ದ. ಮೂರನೇ ದಿನಕ್ಕೇ ಕೆಲಸಕ್ಕೆ ಬಂದವಳ ಕಣ್ಣು ಎಲ್ಲಿತ್ತೋ, ಕೈ ಎಲ್ಲಿತ್ತೋ.

ತಂಗಿ ಊಟ ಬಿಟ್ಟಿದ್ದಳು. ಗೋಡೆ ನೋಡಿಕೊಂಡು ಕೂರುವುದು, ಅದೇ ಮಾತು ಹೇಳುವುದು. "ಬೆಳಿಗ್ಗೆ ಜಗಳ ಆಡಿ, ಮಾತಾಡ್ದೆ ಕಳಿಸ್ದೆ ಅಕ್ಕ. ಬಾಗ್ಲಲ್ಲಿ ನಿಂತು 'ಹೋಗ್ಬರ್ತೀನಿ' ಅಂದ್ರು. ನಾನು ತಿರುಗಿ ನೋಡ್ಲಿಲ್ಲ." ಯಾತಕ್ಕೆ ಜಗಳ ಅಂದರೆ ಹೇಳುತ್ತಿರಲಿಲ್ಲ. ಮೈ ಕಡ್ಡಿಯಾಯಿತು. ಇವಳನ್ನೂ ಕಳೆದುಕೊಳ್ಳುತ್ತೇನೆ ಎಂದು ಹೊಲಿಗೆಯಕ್ಕನಿಗೆ ಖಾತ್ರಿಯಾಗಿಹೋಗಿತ್ತು. ಬೇರೇನೂ ತೋಚದೆ, ತಾನೇ ಹೇಸುವ ಆ ಸತ್ತ ಮೇಲಿನ ಪುಸ್ತಕ ಒಂದು ತಂದುಕೊಟ್ಟಳು.

ಮೂರು ವಾರ ಕಳೆದು ಒಂದು ದಿನ ಹೋದರೆ ತಂಗಿ ತಲೆ ಬಾಚಿಕೊಂಡು ಕೂತಿದ್ದಾಳೆ! ಎರಡು ಹೊತ್ತು ಉಣ್ಣುತ್ತಿದ್ದಾಳೆ, ನಿದ್ದೆ ಬರುತ್ತಿದೆ. "ಕೇಳಕ್ಕ," ಎಂದು ಓದಿದಳು. "'ಅವರು ಉತ್ತರ ಕೊಡದಿದ್ದರೆ ಸಿಟ್ಟೆಂದು ತಿಳಿಯಬೇಡಿ. ಆ ಕಡೆ ಇರುವವರಿಗೂ ಮಾತು ಕಟ್ಟಿರುತ್ತದೆ. ನಿಮ್ಮ ಸಿಟ್ಟು ಇಳಿದಿರುವುದು ಅವರಿಗೆ ಆಗಲೇ ಗೊತ್ತಾಗಿರುತ್ತದೆ.' ನೋಡಿದ್ಯಾ? ಅವ್ರಿಗೆ ಗೊತ್ತು."

ಹೊಲಿಗೆಯಕ್ಕನಿಗೆ ಗುರುತು ಸಿಕ್ಕಿತು. ಈ ಸಾಲು ಅವಳು ಮಡಿಚಿದ್ದು. ಆದರೆ ಇದು ಸತ್ತವರದ್ದಲ್ಲ. ಮುನಿಸಿಕೊಂಡು ಇನ್ನೊಂದು ಕೋಣೆಯಲ್ಲಿ ಕೂತ ಗಂಡನದ್ದು. ಪುಸ್ತಕ ಕಿತ್ತುಕೊಂಡು ನೋಡಿದಳು. ನಲವತ್ತೊಂಬತ್ತರಿಂದ ಅರವತ್ತನಾಲ್ಕನೇ ಪುಟದವರೆಗೆ ನಾಲ್ಕನೇ ಫಾರಂ, ಇಡೀ ಫಾರಂ ಆ ಗಂಡ ಹೆಂಡತಿ ಪುಸ್ತಕದ್ದು. ಗೊತ್ತಾಗುವುದಾದರೂ ಹೇಗೆ? ನಲವತ್ತೆಂಟನೇ ಪುಟ ಮುಗಿಯುವುದೇ "ಇನ್ನೊಂದು ದೃಷ್ಟಿಕೋನದಿಂದ ನೋಡಿದರೆ" ಎಂದು. ಆಮೇಲೆ ಏನು ಬಂದರೂ ನಡೆಯುತ್ತದೆ.

ಮೂವತ್ತೊಂದು ವರ್ಷದಲ್ಲಿ ಮೊದಲ ತಪ್ಪು. ಮಾರನೇ ಬೆಳಿಗ್ಗೆ ಪ್ರೆಸ್ಸಿನಲ್ಲಿದ್ದ ಇನ್ನೊಂದು ಪ್ರತಿ ಹಿಡಿದು ಸಾಹುಕಾರರ ಮುಂದೆ ನಿಂತಳು. ಕೋನಪ್ಪನವರೂ ಅಲ್ಲೇ ಇದ್ದರು, ಓದುಗರ ಕಾಗದಗಳ ಕಟ್ಟು ತೊಡೆಯ ಮೇಲೆ.

"ತಪ್ಪಾಗಿದೆ ಸಾರ್. ನಾಲ್ಕನೇ ಫಾರಂ ಅದಲುಬದಲಾಗಿದೆ. ಎಲ್ಲಾ ವಾಪಸ್ ತರಿಸಿ. ಬಿಚ್ಚಿ ಹೊಲಿದುಕೊಡ್ತೀನಿ."

ಕೋನಪ್ಪ ಬೆರಳು ನೆಕ್ಕಿ ಪುಟ ತಿರುವಿದರು. ಓದಿದರು. ಇನ್ನೊಮ್ಮೆ ಓದಿದರು. ತಮ್ಮದೇ ಪುಸ್ತಕ ಅವರಿಗೆ ಮೊದಲ ಸಲ ಕಾಣುತ್ತಿರುವ ಹಾಗಿತ್ತು.

"ಈ ಅಧ್ಯಾಯಾನೇ ಎಲ್ರೂ ಹೊಗಳ್ತಿರೋದು," ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ನಾನು ಬೇಕಂತ್ಲೇ ಹಾಗಿಟ್ಟಿದ್ದು. ಬದುಕಿನ ದೃಷ್ಟಿಕೋನದಿಂದ ಸಾವನ್ನ ನೋಡ್ಬೇಕು ಅಂತ."

"ಹಾಗಾದ್ರೆ ಗಂಡ ಹೆಂಡ್ತಿ ಪುಸ್ತಕದಲ್ಲಿ ಹದಿನಾರು ಪುಟ ಪ್ರೇತದ ವಿಷಯ ಇದೆಯಲ್ಲ ಸಾರ್?"

"ಒಬ್ಬ ಹೆಂಡ್ತಿಯೂ ದೂರು ಕೊಟ್ಟಿಲ್ವಲ್ಲಮ್ಮ," ಎಂದು ಸಾಹುಕಾರರು ಹೊಟ್ಟೆ ಕುಲುಕಿ ನಕ್ಕರು. "ಎರಡನೇ ಮುದ್ರಣಾನೂ ಹೀಗೇ ಹೊಲಿ. ಸುಮ್ನಿರು ನೀನು."

"ಥೂ," ಎಂದಳು ಹೊಲಿಗೆಯಕ್ಕ. ಯಾರಿಗೆ ಅಂದದ್ದು ಅವಳಿಗೇ ಗೊತ್ತಿರಲಿಲ್ಲ. "ಗೊತ್ತಿಲ್ದೆ ಹೊಲಿದದ್ದು ನನ್ ತಪ್ಪು. ಗೊತ್ತಿದ್ದೂ ಹೊಲಿಯಲ್ಲ. ಬೇರೆಯವರನ್ನ ನೋಡ್ಕೊಳ್ಳಿ." ಸೂಜಿ ದಾರ ಸಾಹುಕಾರರ ಮೇಜಿನ ಮೇಲಿಟ್ಟು ಹೊರಟುಬಿಟ್ಟಳು.

ರಸ್ತೆಗೆ ಬಂದ ಮೇಲೆ ನಿಜವಾದ ಸಂಕಟ ಶುರುವಾಯಿತು. ತಂಗಿಗೆ ಹೇಳುವುದೋ ಬೇಡವೋ? ಹೇಳಿದರೆ ಅವಳು ಮತ್ತೆ ಗೋಡೆಗೆ ಮುಖ ಹಾಕುತ್ತಾಳೆ. ಹೇಳದಿದ್ದರೆ? ತನಗೂ ಆ ಕೋನಪ್ಪನಿಗೂ ಏನು ವ್ಯತ್ಯಾಸ? ಮೂರು ದಿನ ಅವಳಿಗೆ ತನ್ನ ಮೇಲೇ ಹೇಸಿಗೆ. ತಂಗಿ ನಗುತ್ತಾ ಬಾಗಿಲು ತೆಗೆದರೆ ಆ ನಗುವನ್ನು ನೋಡಲಾಗುತ್ತಿರಲಿಲ್ಲ. ನಾಲ್ಕನೇ ದಿನ ಕೂತು ಎಲ್ಲಾ ಹೇಳಿಬಿಟ್ಟಳು.

ತಂಗಿ ಪುಸ್ತಕ ಮುಚ್ಚಿದಳು. "ಅಂದ್ರೆ ಬರೆದವನಿಗೆ ಸತ್ತವ್ರ ವಿಷಯ ಏನೂ ಗೊತ್ತಿರ್ಲಿಲ್ಲ."

"ಬದುಕಿರೋರ ವಿಷಯಾನೂ ಅನುಮಾನ ಕಣೇ."

"ಯಾಕೆ ಹೇಳ್ದೆ ನಂಗೆ?" ತಂಗಿಯ ದನಿ ಏರಿತು. "ಹೇಳಿ ನೀನು ಹಗುರಾದೆ. ನಾನೇನ್ ಮಾಡ್ಲಿ? ಹೋಗು, ಎದ್ ಹೋಗು ಇಲ್ಲಿಂದ!"

ಹೊಲಿಗೆಯಕ್ಕ ಏಳಲಿಲ್ಲ. ಒಳ್ಳೆ ಮೊಂಡು ಜೀವ ಅದು. ಬೈಸಿಕೊಂಡು ಕೂತಿದ್ದಳು. ಸುಮಾರು ಹೊತ್ತಾದ ಮೇಲೆ ಕೇಳಿದಳು, "ಯಾತಕ್ಕೆ ಆಡಿದ್ರಿ ಜಗಳ?"

ತಂಗಿ ಮೂಗೊರೆಸಿಕೊಂಡಳು. "ಟವೆಲ್ಲಿಗೆ."

"ಟವೆಲ್ಲಿಗಾ?"

"ಒದ್ದೆ ಟವೆಲ್ ಹಾಸಿಗೆ ಮೇಲೆ ಎಸೆಯೋರು. ಹದಿನೇಳು ವರ್ಷ ಹೇಳಿದೀನಿ. ಅದು ಮುಗ್ಗಲು ನಾತ, ಹಾಸಿಗೆಯೆಲ್ಲ ತೇವ... ಥೂ." ಹೇಳಿ ತಾನೇ ಬಾಯಿ ಮುಚ್ಚಿಕೊಂಡಳು. ಹೋದವನ ಮೇಲೆ ಅವಳ ಬಾಯಿಂದ ಬಂದ ಮೊದಲ ದೂರು ಅದು.

"ಹೇಳೇ," ಎಂದಳು ಅಕ್ಕ. "ನನ್ ಹತ್ರ ತಾನೆ?"

"ಕಾಲುಗುರು ಕತ್ತರಿಸಿ ಕಿಟಕಿ ಮೇಲೆ ಸಾಲಾಗಿ ಇಡೋರು! ಎಸೆಯೋದಲ್ಲ ಅಕ್ಕ, ಇಡೋದು."

"ಅಯ್ಯೋ, ಅಸಹ್ಯ!"

"ಹೂಂ ಮತ್ತೆ! ಲೋಟದಲ್ಲಿ ಬಾಯಿ ಮುಕ್ಕಳಿಸೋರು, ಅದೇ ಲೋಟದಲ್ಲಿ ನಂಗೆ ಕಾಫಿ." ಅಳುತ್ತಲೇ ನಗು ಬಂತು ಅವಳಿಗೆ, ನಗುತ್ತಲೇ ಮತ್ತೆ ಅಳು. ಹದಿನೇಳು ವರ್ಷದ ಕೊಳಕೆಲ್ಲ ಒಂದೊಂದಾಗಿ ಹೊರಬಂತು. ಹೊಲಿಗೆಯಕ್ಕ "ಛೀ," "ಅಬ್ಬಾ," "ಹೇಗೆ ಬಾಳಿದ್ಯೇ ಅವನ ಜೊತೆ," ಎಂದು ದನಿಗೂಡಿಸುತ್ತಾ ಹೋದಳು. ಮಧ್ಯಾಹ್ನವಾಯಿತು. ಗೋಡೆಯ ಕಡೆ ತಂಗಿ ಒಮ್ಮೆಯೂ ತಿರುಗಲಿಲ್ಲ.

"ಅನ್ನ ಇಡ್ಲಾ?" ಎಂದು ಅಕ್ಕ ಮೆಲ್ಲಗೆ ಕೇಳಿದಳು.

"ಇಡು. ಇನ್ನೂ ಸ್ನಾನದ ಮನೆ ವಿಷಯ ಹೇಳಿಲ್ಲ ನಿಂಗೆ," ಎನ್ನುತ್ತಾ ತಂಗಿ ತಟ್ಟೆ ತೆಗೆಯಲು ಎದ್ದಳು.