ರಾಶಿಗೆ ಮುಖ ಮಾಡಿದ ಗಾಡಿ

ಲೋಹಿತಾಳ ಪಿಕಪ್ ಗಾಡಿಯಲ್ಲಿ ಹಳದಿ ದೀಪವೊಂದು ಹೊತ್ತಿಕೊಳ್ಳುತ್ತಿತ್ತು. ಹೋಗುವಾಗ ಅಲ್ಲ, ಬರುವಾಗ. ಬೆಳಿಗ್ಗೆ ಕೊಳಾಲದಿಂದ ಹೊರಟು, ಕಡಲೆಕಾಯಿ ಸುಲಿಯುವ ಭಾರದ ಯಂತ್ರವನ್ನು ಹಿಂದಕ್ಕೆ ಕಟ್ಟಿಕೊಂಡು ಎಂಥ ಏರು ಹತ್ತಿದರೂ ಅದು ತೆಪ್ಪಗಿರುತ್ತಿತ್ತು. ಕೆಲಸ ಮುಗಿಸಿ, ಅದೇ ಯಂತ್ರ ಎಳೆದುಕೊಂಡು ಅದೇ ದಾರಿಯಲ್ಲಿ ಮರಳುವಾಗ ಮಾತ್ರ ಕಣ್ಣು ಬಿಡುತ್ತಿತ್ತು. ಗೇರ್‌ಬಾಕ್ಸಿನ ಎಣ್ಣೆ ಕಾದಿದೆ ಎಂದು ಅದರ ಅರ್ಥ.

"ಎತ್ತು ಮನೆ ಕಡೀಕೆ ತಿರುಗಿದ್ರೆ ಕಾಲು ಚುರುಕಾಯ್ತವೆ," ಎಂದ ಪಕ್ಕದಲ್ಲಿ ಕೂತಿದ್ದ ಕದಿರಯ್ಯ. "ನಿನ್ ಗಾಡೀಗೆ ಮನೆ ಅಂದ್ರೆ ಜ್ವರ ಬತ್ತದಲ್ಲವ್ವ!"

ಕದಿರಯ್ಯನಿಗೆ ಅರವತ್ತು ದಾಟಿದೆ. ಯಂತ್ರಕ್ಕೆ ಕಾಯಿ ಸುರಿಯುವುದು, ರಾಶಿ ಕಾಯುವುದು, ದಾರಿಯುದ್ದಕ್ಕೂ ಗಾಡಿಯನ್ನು ಬೈಯುವುದು, ಇಷ್ಟು ಅವನ ಕೆಲಸ. ಕ್ಲಚ್ ಇಲ್ಲದ ಗಾಡಿ ಅವನ ಪಾಲಿಗೆ ಮೂಗುದಾರವಿಲ್ಲದ ಹೋರಿ. ಲೋಹಿತಾಗೆ ಬೇರೆ ದಾರಿಯಿರಲಿಲ್ಲ. ಹುಡುಗಿಯಾಗಿದ್ದಾಗ ಹುಣಸೆ ಮರದಿಂದ ಬಿದ್ದು ಎಡಗಾಲಿನ ಹರಡು ಮಡಚದಂತಾಗಿತ್ತು. ಆ ಕಾಲಿನಲ್ಲಿ ದಿನವಿಡೀ ಕ್ಲಚ್ ತುಳಿಯಲಾಗದು. ಹಾಗಾಗಿ ಹುಡುಕಿ ಹುಡುಕಿ, ತಾನೇ ಗೇರ್ ಬದಲಿಸಿಕೊಳ್ಳುವ ಈ ಗಾಡಿಯನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದಳು.

ಹುಡುಕುವುದು ಅವಳ ಸ್ವಭಾವ. ಬಿತ್ತನೆ ಬೀಜಕ್ಕೆ ಕಡಲೆಕಾಯಿಯನ್ನು ಕೈಯಲ್ಲೇ ಸುಲಿಯಬೇಕು, ಯಂತ್ರದ್ದು ಮೊಳೆಯುವುದಿಲ್ಲ ಎಂದು ಊರೆಲ್ಲ ಹೇಳುತ್ತಿದ್ದಾಗ, ಅವಳು ಒದ್ದೆ ಗೋಣಿಚೀಲದಲ್ಲಿ ಎರಡೂ ಬಗೆಯ ಬೀಜ ಸುತ್ತಿಟ್ಟು ದಿನವೂ ಬಿಚ್ಚಿ ನೋಡಿದ್ದಳು. ಎರಡೂ ಮೊಳೆತವು. ಆಮೇಲೆ ಯಂತ್ರವನ್ನೇ ತಂದಳು. ಈಗ ತೋವಿನಕೆರೆ, ಪುರವರದ ಕಡೆಯವರು ಬಿತ್ತನೆಗೆ ಮುಂಚೆ ಅವಳಿಗೇ ಫೋನ್ ಮಾಡುತ್ತಾರೆ.

ಈ ಸಲ ಪಾವಗಡದ ಕಡೆಯಿಂದಲೂ ಕರೆ ಬಂದಿತ್ತು. ಅಲ್ಲಿಯ ಹಳ್ಳಿಯೊಂದರ ಮಹಿಳಾ ಸಂಘದ ಮಂಜಮ್ಮ, ಮಳೆ ಬೀಳುವ ಮುಂಚೆ ಬಂದು ಊರಿನ ಕಾಯನ್ನೆಲ್ಲ ಸುಲಿದುಕೊಡಬೇಕು ಎಂದಿದ್ದಳು. ಸುಲಿದ ಬೀಜ ಬಹಳ ದಿನ ಕೆಡದೆ ಇರುವುದಿಲ್ಲ, ಮುಂಚೆಯೇ ಸುಲಿದಿಡುವಂತಿಲ್ಲ. ಮಳೆ ಬಿದ್ದ ಮೇಲೆ ಕೈಯಲ್ಲಿ ಸುಲಿಯುತ್ತ ಕೂತರೆ ಹದ ತಪ್ಪುತ್ತದೆ. ಲೋಹಿತಾ ಬರುತ್ತೇನೆ ಎಂದುಬಿಟ್ಟಿದ್ದಳು. ಆದರೆ ಮಧುಗಿರಿ, ಮಿಡಿಗೇಶಿ ದಾಟಿ ಅಷ್ಟು ದೂರ ಹೋಗಿ, ಬರುವಾಗ ಏರಿನಲ್ಲಿ ಗೇರ್‌ಬಾಕ್ಸ್ ಸುಟ್ಟರೆ? ಇಂಥ ಗೇರ್‌ಬಾಕ್ಸ್ ಬಿಚ್ಚುವವರು ಈ ನಾಲ್ಕು ತಾಲ್ಲೂಕಿನಲ್ಲಿ ಯಾರೂ ಇರಲಿಲ್ಲ. ಬಿತ್ತನೆ ಕಾಲ ಪೂರ್ತಿ ಗಾಡಿ ಮೂಲೆ ಸೇರುತ್ತಿತ್ತು.

ಸಿರಾದಲ್ಲಿ ರೇಡಿಯೇಟರ್ ರಿಪೇರಿ ಮಾಡುವ ರಿಯಾಜ್‌ಗೂ ಇದು ಒಗಟಾಗಿತ್ತು. ಹಿಂದಿನ ವರ್ಷ ಹೋಗುವಾಗ, ಬರುವಾಗ ಎರಡೂ ಹೊತ್ತು ದೀಪ ಉರಿಯುತ್ತಿದ್ದಾಗ ಅವನೇ ಕಾರಣ ಹೇಳಿದ್ದ. "ಕ್ಲಚ್ ಗಾಡೀಲಿ ಇಂಜಿನ್ನು ಗೇರು ಕೈ ಕೈ ಹಿಡ್ಕೊಂಡಿರ್ತವೆ ಅಕ್ಕಾ. ಇದ್ರಲ್ಲಿ ಮಧ್ಯೆ ಎಣ್ಣೆ ಐತೆ. ಭಾರ ಎಳ್ಕೊಂಡು ಏರು ಹತ್ತೋವಾಗ ಆ ಎಣ್ಣೇನ ಮಜ್ಜಿಗೆ ಕಡದಂಗೆ ಕಡೀತದೆ. ಕಡದಷ್ಟೂ ಬಿಸಿ." ರೇಡಿಯೇಟರಿನ ಮುಂದೆ ಆ ಎಣ್ಣೆಗೆಂದೇ ಒಂದು ಪುಟ್ಟ ಕೂಲರ್ ಕೂರಿಸಿದ್ದ. ತೆಳುವಾದ ತಗಡುಗಳ ನಡುವೆ ಹಾವಿನಂತೆ ಸುತ್ತಿದ ಕೊಳವೆ, ಎದುರಿಗೆ ಬರುವ ಗಾಳಿಯೇ ಅದಕ್ಕೆ ಬೀಸಣಿಗೆ. ಅಂದಿನಿಂದ ಹೋಗುವಾಗಿನ ದೀಪ ನಿಂತಿತು. ಬರುವಾಗಿನದು ನಿಲ್ಲಲಿಲ್ಲ.

ಪಾವಗಡಕ್ಕೆ ಹೊರಡುವ ಮುಂಚೆ ಲೋಹಿತಾ ಗಾಡಿಯನ್ನು ಸಿರಾಕ್ಕೆ ತಂದಾಗ ಅವನು ಮತ್ತೆ ಎಣ್ಣೆ ನೋಡಿದ, ಕೊಳವೆ ತಡವಿದ, ಕೂಲರಿನ ಮೇಲೆ ಬೆರಳಾಡಿಸಿದ. ಎಲ್ಲ ಸರಿಯಾಗಿತ್ತು.

"ಬಿಲ್ಕುಲ್ ದುಲ್ಹನ್, ಮದುವೆ ಹೆಣ್ಣಿನ ಥರ ಇಟ್ಟಿದೀರಿ ಗಾಡೀನ," ಎಂದ ಕೊನೆಗೆ. "ಯಾವಾಗ ತೊಳ್ದಿದ್ದು?"

"ದಿನಾ ಬೆಳಿಗ್ಗೆ ಮೋಟಾರ್ ಪೈಪ್ ಹಿಡಿದು ತೊಳೆದು, ವಿಭೂತಿ ಇಟ್ಟೇ ತೆಗೆಯೋದು ಕಣಪ್ಪ."

ರಿಯಾಜ್ ಕೈ ಒರೆಸಿಕೊಂಡ. "ಒಂದ್ಸಲ ತೊಳೀದಂಗೆ ತನ್ನಿ."

"ಡಾಕ್ಟ್ರ ಹತ್ರ ಹೋಗೋವಾಗ ಸ್ನಾನ ಮಾಡ್ಕೊಂಡು ಹೋಗಲ್ವೇನಪ್ಪ?"

"ಸ್ನಾನ ಮಾಡಿ ಅಕ್ಕಾ. ಜ್ವರ ಇಳಿಸ್ಕೊಂಡು ಬರ್ಬೇಡಿ, ಅಷ್ಟೇ."

ಮರುದಿನ ತೋವಿನಕೆರೆಯಲ್ಲಿ ಕೆಲಸ ಮುಗಿದ ಕೂಡಲೇ ಅವಳು ಮನೆಗೆ ತಿರುಗದೆ ಯಂತ್ರದ ಸಮೇತ ಸಿರಾ ದಾರಿ ಹಿಡಿದಳು. ಅರ್ಧ ದಾರಿಯಲ್ಲಿ ದೀಪ ಹೊತ್ತಿತು. ಗಾಡಿಯನ್ನು ಮರದ ನೆರಳಿಗೆ ತಂದು, ಗೇರ್ ಬಿಡಿಸಿ, ಇಂಜಿನ್ ಮಾತ್ರ ಆರಿಸದೆ ಕೂತಳು.

"ನಿಂತ್ಮ್ಯಾಕೂ ಯಾಕವ್ವ ಉರುಸ್ತೀಯ? ದಣಿದೈತೆ, ಸುಮ್ನೆ ಮಲಗಿಸ್ಬುಡು."

"ಇಂಜಿನ್ ಆರಿಸಿದ್ರೆ ಎಣ್ಣೆ ಎಲ್ಲಿತ್ತೋ ಅಲ್ಲೇ ನಿಂತು ಬೇಯ್ತದಂತೆ ಕದಿರಣ್ಣ. ತಿರುಗ್ತಾ ಇದ್ರೆ ಆರ್ತದೆ."

"ನಡೀತಿದ್ರೆ ದಣಿವಾರ್ತದೆ ಅಂದಂಗಾಯ್ತು," ಎಂದು ಕದಿರಯ್ಯ ನಕ್ಕ.

ದೀಪ ಆರಿದ ಮೇಲೆ ಹೊರಟು ಸಿರಾ ಸೇರಿದರು. ರಿಯಾಜ್ ಗಾಡಿಯ ಮುಂದಿನ ಜಾಲರಿ ಬಿಚ್ಚಿ ಕೂಲರಿನ ಮೇಲೆ ಉಗುರಾಡಿಸಿದ. ಕಂಬಳಿಯ ತುಂಡಿನಂಥದ್ದೊಂದು ಕಿತ್ತು ಕೈಗೆ ಬಂತು. ಕಡಲೆಕಾಯಿ ಹೊಟ್ಟು, ನಾರು, ಕೆಂಪು ಪೊರೆ, ಧೂಳು, ಎಲ್ಲ ಸೇರಿ ಒತ್ತಿಕೊಂಡು ಒಂದೇ ಹಾಳೆಯಾಗಿತ್ತು. ತಗಡುಗಳ ನಡುವೆ ಗಾಳಿ ಹೋಗಲು ಸೂಜಿಯಷ್ಟೂ ಜಾಗವಿರಲಿಲ್ಲ.

"ಯಾ ಅಲ್ಲಾ! ಗಾಡೀಗೂ ಕಡ್ಲೇಕಾಯಿ ತಿನ್ಸಿದೀರಲ್ಲ ಅಕ್ಕಾ! ದಿನಾ ಬೆಳಿಗ್ಗೆ ನೀವೇ ಪೈಪ್ ಹಿಡಿದು ಬಾಯಿ ತೊಳೆಸ್ತೀರಿ. ನನಗೆಲ್ಲಿಂದ ಕಾಣ್ಬೇಕು?"

ಲೋಹಿತಾ ಆ ಹಾಳೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ನಗು ಬಂತು, ಆದರೆ ಲೆಕ್ಕ ಕೂಡಲಿಲ್ಲ. ಯಂತ್ರವಿರುವುದು ಗಾಡಿಯ ಹಿಂದೆ. ಓಡುವ ಗಾಡಿಯ ಹಿಂದಿನ ಹೊಟ್ಟು ಮುಂದಕ್ಕೆ ಹಾರಿ ಮೂತಿಗೆ ಹೊಗುವುದು ಹೇಗೆ? ದಾರಿಯಲ್ಲಿ ಹೊಕ್ಕಿದ್ದಲ್ಲ. ನಿಂತಾಗ ಹೊಕ್ಕಿದ್ದು. ಗಾಡಿ ನಿಲ್ಲುವುದು ಎಲ್ಲಿ?

ನಿಲ್ಲುವ ಜಾಗ ನೆನಪಾದೊಡನೆ ಅವಳು ಕದಿರಯ್ಯನ ಕಡೆ ನೋಡಿದಳು. ಅವನು ಚಹಾದ ಲೋಟದೊಳಗೆ ನೋಡುತ್ತಿದ್ದ.

ಯಂತ್ರವನ್ನು ಕಳಚಿದ ಮೇಲೆ ಗಾಡಿಯನ್ನು ಸುತ್ತಿಸಿ ತಂದು ರಾಶಿಗೆ ಮುಖ ಮಾಡಿ ನಿಲ್ಲಿಸಬೇಕು. ಇದು ಮೊದಲ ದಿನದಿಂದಲೂ ಕದಿರಯ್ಯನ ಕಟ್ಟಪ್ಪಣೆ. ಅವನಪ್ಪನ ಕಣದಲ್ಲಿ ರಾಶಿಗೆ ಯಾರೂ ಬೆನ್ನು ತೋರಿಸುತ್ತಿರಲಿಲ್ಲವಂತೆ, ಎತ್ತಿನ ಗಾಡಿಯೂ ಸಹ. ಯಂತ್ರದ ಬೀಸುಗಾಳಿ ಉಗುಳುವ ಹೊಟ್ಟು ಎದುರಿಗೆ ನಿಂತ ಪಿಕಪ್ಪಿನ ಮೂತಿಗೆ ಬಡಿಯುತ್ತಿತ್ತು. ಹೊರಟ ಮೇಲೆ ದಾರಿಯ ಗಾಳಿ ಅದನ್ನು ಒಳಕ್ಕೆ ಒತ್ತುತ್ತಿತ್ತು.

"ಹಂಗಾದ್ರೆ ತಿರುಗ್ಸಿ ನಿಲ್ಲಿಸಿ, ಆಯ್ತಲ್ಲ," ಎಂದ ರಿಯಾಜ್.

"ರಾಶಿಗೆ ಬೆನ್ನಾಕದಾ?" ಕದಿರಯ್ಯ ಲೋಟ ಕೆಳಗಿಟ್ಟ. "ಹಂಗಾದ್ರೆ ಪಾವಗಡಕ್ಕೆ ನಾನು ಬರಕಿಲ್ಲ ಕಣವ್ವ. ಬ್ಯಾರೆ ಯಾರ್ನಾದ್ರೂ ನೋಡ್ಕೋ."

ಅವನನ್ನು ಬಿಟ್ಟು ಹೋಗುವ ಮಾತೇ ಇರಲಿಲ್ಲ. ಬೀಜ ಒಡೆಯದಂತೆ ಕಾಯಿ ಸುರಿಯುವ ಕೈ ಅವನದು. ಲೋಹಿತಾ ವಾದಕ್ಕೆ ಇಳಿಯಲಿಲ್ಲ. ಹೊಟ್ಟಿನ ಹಾಳೆಯನ್ನು ಕೆಳಗಿಟ್ಟು ಕೇಳಿದಳು: "ಕದಿರಣ್ಣ, ಮೊರದಲ್ಲಿ ತೂರೋವಾಗ ನಿಮ್ಮಪ್ಪ ಎಲ್ಲಿ ನಿಲ್ತಿದ್ರು?"

"ಎಲ್ಲಿ ಅಂದ್ರೆ? ಗಾಳಿಗೆ ಬೆನ್ನು ಕೊಟ್ಟು. ಎದುರಿಗೆ ನಿಂತ್ರೆ ಹೊಟ್ಟೆಲ್ಲ ಬಾಯ್ಗೇ ಬತ್ತದಲ್ಲ..."

ಕದಿರಯ್ಯ ಗಾಡಿಯ ಬಿಚ್ಚಿದ ಮೂತಿಯನ್ನೊಮ್ಮೆ, ರಿಯಾಜ್‌ನ ಕೈಯಲ್ಲಿದ್ದ ಬ್ರಷ್ಷನ್ನೊಮ್ಮೆ ನೋಡಿದ.

"ರಾಶಿಗೆ ಮುಖ, ಗಾಳಿಗೆ ಬೆನ್ನು," ಎಂದಳು ಲೋಹಿತಾ. "ಎರಡೂ ಆಗ್ತದಲ್ವಾ?"

"ಆಯ್ತದೆ," ಎಂದ ಕದಿರಯ್ಯ. ಆಮೇಲೆ ಗೊಣಗಿದ, "ಗಾಡೀಗೂ ಬಾಯಿ ಐತೆ ಅಂತ ನನ್ಗೇನು ಗೊತ್ತು?"

ಪಾವಗಡದ ಆ ಹಳ್ಳಿಯಲ್ಲಿ ಮಂಜಮ್ಮ ಬಯಲಿನಲ್ಲಿ ಕಾಯಿಯ ರಾಶಿ ಹಾಕಿಸಿ ಕಾದಿದ್ದಳು. ಪಡುವಣ ದಿಕ್ಕಿನಲ್ಲಿ ಮೋಡ ಕಟ್ಟುತ್ತಿತ್ತು. ಕದಿರಯ್ಯ ಇಳಿದವನೇ ಒಂದು ಹಿಡಿ ಧೂಳೆತ್ತಿ ಬೆರಳ ಸಂದಿಯಿಂದ ಬಿಟ್ಟು ನೋಡಿದ. ಧೂಳು ಮೂಡಣಕ್ಕೆ ಹಾರಿತು. ಯಂತ್ರದ ಉಗುಳುಬಾಯಿಯನ್ನು ಅತ್ತಲೇ ತಿರುಗಿಸಿ, ರಾಶಿಯ ಪಡುವಣಕ್ಕೆ ಗಾಡಿಯನ್ನು ಕೈಬೀಸಿ ಕರೆದ. "ಬಾ, ಬಾ, ಇನ್ನೂ ಬಾ... ಹ್ಞಾ, ನಿಲ್ಲಿಸ್ಬುಡು!"

"ಏಮ್ಮಾ, ನಿನ್ ಬಂಡಿ ರಾಶೀಗೆ ದಂಡಂ ಪೆಟ್ಕೊಂಡು ನಿಂತಂಗೈತೆ," ಎಂದು ಮಂಜಮ್ಮ ತೆಲುಗು ಬೆರೆಸಿ, ತಾನೇ ಕೈಮುಗಿದು ತೋರಿಸಿದಳು.

"ಅದ್ಕೆ ಭಕ್ತಿ ಜಾಸ್ತಿ ಕಣಮ್ಮ. ಉಪವಾಸನೂ ಕಲಿಸ್ತಿದೀನಿ," ಎಂದಳು ಲೋಹಿತಾ.

ಕೊನೆಯ ಚೀಲದ ಬಾಯಿ ಹೊಲಿಯುವಾಗ ನಾಲ್ಕು ಹನಿ ಬಿತ್ತು. ಹೆಂಗಸರು ಬೀಜದ ಚೀಲಗಳನ್ನು ಒಳಗೆ ಸಾಗಿಸಿದರು. ಗಾಡಿ ಮರಳಿ ಹೊರಟಿತು. ಮಿಡಿಗೇಶಿಯ ಕಡೆ ಏರು ಬಂದಾಗ ಲೋಹಿತಾ ದಾರಿಗಿಂತ ಹೆಚ್ಚಾಗಿ ಆ ದೀಪದ ಜಾಗವನ್ನೇ ನೋಡುತ್ತಿದ್ದಳು. ಕದಿರಯ್ಯನೂ ಬಗ್ಗಿ ನೋಡುತ್ತಿದ್ದ. ಇಂಜಿನ್ ತಿಣುಕಿತು, ಗೇರ್ ತಾನೇ ಇಳಿಯಿತು, ಯಂತ್ರ ಹಿಂದೆ ಜಗ್ಗಿತು. ದೀಪ ಹೊತ್ತಲಿಲ್ಲ. ಮಧುಗಿರಿಯ ಬಂಡೆ ಕಾಣಿಸಿದ ಮೇಲೆಯೇ ಕದಿರಯ್ಯ ಸೀಟಿಗೆ ಒರಗಿದ.

ಮರುದಿನ ಬೆಳಿಗ್ಗೆ ಗಾಡಿ ತೊಳೆಯುವ ಮುಂಚೆ ಅವಳು ಜಾಲರಿಯೊಳಗೆ ಬೆರಳು ತೂರಿಸಿ ಕೂಲರನ್ನು ಸವರಿದಳು. ಒಂದೇ ಒಂದು ಹೊಟ್ಟಿನ ಚೂರು ಸಿಕ್ಕಿತು. ಅಂಗೈಯಲ್ಲಿಟ್ಟುಕೊಂಡು ಕದಿರಯ್ಯನಿಗೆ ತೋರಿಸಿದಳು.

"ಇದೆಲ್ಲಿಂದ ಬಂತು ಹಂಗಾದ್ರೆ?"

ಕದಿರಯ್ಯ ಯೋಚಿಸಿದ. "ಊಟದ ಹೊತ್ನಾಗೆ ಒಂದ್ಗಳಿಗೆ ಗಾಳಿ ತಿರುಗಿ, ಬಿದ್ದಿದ್ದ ಹೊಟ್ಟ ಹಾರಿಸ್ತು ಕಣವ್ವ. ನಾವು ಉಣ್ತಾ ಕುಂತಿದ್ವಿ, ಗಾಡಿ ಕಡೀಕೆ ನೋಡ್ಲಿಲ್ಲ."