ತೊಗರ್ಸಿ ಗುಡಿಯ ಮುಂದೆ ನಿಂತ ಕಾರು

ಬೆಳಿಗ್ಗೆ ಬಿಸಿಲೇರುವ ಮೊದಲೇ ಶಿಕಾರಿಪುರ ಬಿಟ್ಟೆವು. ಕಾರು ನನ್ನದೇ, ಎರಡನೇ ಮಹಾಯುದ್ಧಕ್ಕೂ ಮುಂಚಿನ ಇಂಗ್ಲಿಷ್ ಗಾಡಿ. ಯಾರದೋ ಹಿತ್ತಲಲ್ಲಿ ಕೋಳಿಗೂಡಾಗಿದ್ದುದನ್ನು ಎತ್ತಿನಿಂದ ಎಳೆಸಿ ತಂದು, ಎಂಜಿನ್ ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದವನು ನಾನು. ಅದರ ಹೊಟ್ಟೆಯೊಳಗಿನ ಸಂಗತಿ ನನಗೆ ಗೊತ್ತಿದ್ದಷ್ಟು ಅದನ್ನು ಮಾಡಿದವರಿಗೂ ಗೊತ್ತಿರಲಿಕ್ಕಿಲ್ಲ. ಊರಿನವರು ಇದನ್ನು ಜಂಬ ಎನ್ನುತ್ತಾರೆ. ಎನ್ನಲಿ.

ಹಿಂದಿನ ಸೀಟಿನಲ್ಲಿ ಅವ್ವ ಮತ್ತು ನನ್ನ ಅಕ್ಕ ಗಿರಿಜಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಿದ್ದ ಅಕ್ಕ ಹಟ ಹಿಡಿದು ಟೀಚರ್ ಟ್ರೈನಿಂಗ್ ಮುಗಿಸಿದ್ದಳು. ಈಗ ಸೊರಬದ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಆ ದಿನ ಮಧ್ಯಾಹ್ನದೊಳಗೆ ಹಾಜರಾಗದಿದ್ದರೆ ಜಾಗ ಇನ್ನೊಬ್ಬರ ಪಾಲಾಗುತ್ತಿತ್ತು. ಅವ್ವನಿಗೆ ಇದು ಸುತರಾಂ ಇಷ್ಟವಿರಲಿಲ್ಲ. "ಮನ್ಯಾಗ ಅನ್ನಕ್ಕೇನು ಕಮ್ಮಿ ಆಗೈತಿ?" ಎಂದು ದಿನವೂ ಕೇಳುತ್ತಿದ್ದವಳು ಕೊನೆಗೆ ತಾನೂ ಬರುತ್ತೇನೆಂದು ಹೊರಟಳು. ಒಂದೇ ಷರತ್ತು, ತೊಗರ್ಸಿ ಮಲ್ಲಿಕಾರ್ಜುನನಿಗೆ ಕಾಯಿ ಒಡೆಸಿಯೇ ಮುಂದೆ ಹೋಗಬೇಕು.

ಶಿರಾಳಕೊಪ್ಪದವರೆಗೆ ಹನ್ನೆರಡು ಹದಿಮೂರು ಮೈಲಿ. ಹಿಂದಿನ ವಾರ ಒಂದು ಹದ ಮಳೆ ಬಿದ್ದು ರಸ್ತೆಯ ಧೂಳು ಅಡಗಿತ್ತು. ಹೊಲಗಳಲ್ಲಿ ಕುಂಟೆ ಹೊಡೆಯುತ್ತಿದ್ದರು. ಊರು ಮುಟ್ಟಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಚಹಾ ಕುಡಿದೆವು. ಅಲ್ಲಿಂದ ಸೊರಬದ ದಾರಿ ಬಿಟ್ಟು ತೊಗರ್ಸಿಗೆ ಹೊರಳಿದೆವು. ಸುತ್ತು ದಾರಿಯಾದರೂ ಹೊತ್ತು ಇನ್ನೂ ಧಾರಾಳವಾಗಿತ್ತು.

ಗುಡಿಯೊಳಗೆ ತಂಪು. ಪೂಜೆ ಮುಗಿಸಿ ಹೊರಗೆ ಬಂದ ಅವ್ವ, ಕಾರಿಗೂ ಪೂಜೆ ಆಗಬೇಕೆಂದಳು. ದೂರ ಹೊರಟ ಗಾಡಿಗೆ, ಎತ್ತಿಗೆ ಹೀಗೆ ಮಾಡುವುದು ನಮ್ಮ ಕಡೆ ರೂಢಿ. "ಎತ್ತಾದ್ರೆ ಹಣೀಗೆ ಹಚ್ಚತಿದ್ದೆ. ಇದರ ಮುಖ ಎಲ್ಲೈತೋ, ತೆಗಿ" ಎಂದಳು. ನಾನು ಬಾನೆಟ್ ಎತ್ತಿಕೊಟ್ಟು ಅರ್ಚಕರ ಜೊತೆ ಹರಟೆಗೆ ನಿಂತೆ. ಅವ್ವ ಎಂಜಿನ್ನಿಗೆ ಕುಂಕುಮ ಹಚ್ಚಿ, ಹೂವಿಟ್ಟು, ಅರಿಸಿನದ ನೀರು ಚಿಮುಕಿಸಿ ಬಾನೆಟ್ ಮುಚ್ಚಿಸಿದಳು.

ಸೆಲ್ಫ್ ಒತ್ತಿದೆ. ಎಂಜಿನ್ ಗರಗರ ತಿರುಗಿತು, ಸ್ಟಾರ್ಟ್ ಆಗಲಿಲ್ಲ. ಮತ್ತೆ ಒತ್ತಿದೆ. ತಿರುಗಿತು, ಅಷ್ಟೇ.

"ನೋಡಿದ್ಯಾ? ದೇವ್ರೇ ಬ್ಯಾಡ ಅಂತಾನ. ಮನಿಗೆ ತಿರುಗಿಸು" ಎಂದಳು ಅವ್ವ.

"ಸ್ಟಾರ್ಟ್ ಆಗದ ಕಾರನ್ನ ಮನಿ ಕಡೆಗಾದ್ರೂ ಹೆಂಗ ತಿರುಗಿಸ್ಲಿ?" ಎಂದೆ. ಅರ್ಚಕರು ನಕ್ಕರು, ಅಕ್ಕ ನಗಲಿಲ್ಲ.

ಅಷ್ಟರಲ್ಲಿ ಸೈಕಲ್ ಮೇಲೆ ಬಟ್ಟೆ ಮಾರುವ ಶಿರಾಳಕೊಪ್ಪದ ಖಾದರ್ ಸಾಹೇಬರು ಅಲ್ಲಿ ಇಳಿದು, "ತಳ್ಳೋಣೇನ್ರೀ?" ಎಂದರು. ಬೇಡವೆಂದೆ. ಸೆಲ್ಫಿಗೆ ತಿರುಗುತ್ತಿರುವ ಎಂಜಿನ್ ತಳ್ಳಿದರೂ ತಿರುಗುತ್ತದೆ, ಅಷ್ಟೇ. ಇಂಥ ಹೊತ್ತಿನಲ್ಲಿ ಕೇಳಬೇಕಾದ ಪ್ರಶ್ನೆ ಎರಡೇ: ಪೆಟ್ರೋಲು ಬರುತ್ತಿದೆಯೇ, ಕಿಡಿ ಬರುತ್ತಿದೆಯೇ. ಕಾರ್ಬುರೇಟರ್ ಬಿಚ್ಚಿ ನೋಡಿದೆ, ಪೆಟ್ರೋಲು ತುಂಬಿತ್ತು. ಒಂದು ಪ್ಲಗ್ ಬಿಚ್ಚಿ, ಅದರ ವೈರು ಸಿಕ್ಕಿಸಿ, ಎಂಜಿನ್ ಮೇಲೆ ಮಲಗಿಸಿ ಅಕ್ಕನಿಂದ ಸೆಲ್ಫ್ ಒತ್ತಿಸಿದೆ. ಕಿಡಿ ಇಲ್ಲ.

"ಎಷ್ಟೊತ್ತಾದೀತು?" ಎಂದಳು ಅಕ್ಕ.

"ಹುಡುಕೇ ಹುಡುಕ್ತೀನಿ. ಸ್ವಲ್ಪ ತಡಿ."

"ನೀ ಹುಡುಕು. ನಾ ಶಿರಾಳಕೊಪ್ಪಕ್ಕೆ ಹೋಗಿ ಬಸ್ ಹಿಡೀತೀನಿ" ಎಂದವಳೇ ಟ್ರಂಕು ಇಳಿಸಿ ತಲೆ ಮೇಲಿಟ್ಟುಕೊಂಡು ನಡೆದಳು. ಅವ್ವ ಎರಡು ಸಲ ಹೆಸರು ಹಿಡಿದು ಕೂಗಿದರೂ ತಿರುಗಲಿಲ್ಲ. ಖಾದರ್ ಸಾಹೇಬರು ಹಿಂದೆಯೇ ಸೈಕಲ್ ತಳ್ಳಿಕೊಂಡು ಹೋಗಿ, "ಅಕ್ಕಾರೆ, ಟ್ರಂಕು ಇದರ ಮೇಲಿಡ್ರಿ, ನಾನೂ ಊರಿಗೇ ಹೊಂಟೀನಿ" ಎನ್ನುವುದು ಕೇಳಿಸಿತು.

ನಾನು ಕಾಯಿಲ್‌ನಿಂದ ಬರುವ ವೈರು ಕಿತ್ತು ಎಂಜಿನ್ ಹತ್ತಿರ ಹಿಡಿದೆ. ಅರ್ಚಕರು ಮಡಿಯನ್ನು ಪಕ್ಕಕ್ಕಿಟ್ಟು ಸೆಲ್ಫ್ ಒತ್ತಿದರು. ಟಪ್ಪೆಂದು ನೀಲಿ ಕಿಡಿ ಹಾರಿತು. ಕಾಯಿಲ್‌ನಲ್ಲಿ ಹುಟ್ಟಿದ ಕಿಡಿ ಪ್ಲಗ್ ಮುಟ್ಟುತ್ತಿಲ್ಲ ಎಂದರೆ ಕಳ್ಳ ನಡುವೆಯೇ ಇರಬೇಕು. ನಡುವೆ ಇದ್ದದ್ದು ಕಿಡಿಯನ್ನು ನಾಲ್ಕೂ ಪ್ಲಗ್ಗುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್. ಅದರ ಕಪ್ಪು ಮುಚ್ಚಳ ತೆಗೆದೆ. ಒಳಗೆಲ್ಲ ಹಳದಿ ನೀರು.

"ಅರಿಸಿನದ ನೀರು ಒಳಗೆ ಹೋಗೈತಿ ಅಷ್ಟ. ಶಕುನವೂ ಅಲ್ಲ, ಗಿಕುನವೂ ಅಲ್ಲ. ಒಂದು ಒಣ ಬಟ್ಟೆ ಕೊಡು" ಎಂದೆ. ಅವ್ವ ಅಕ್ಕ ಹೋದ ದಾರಿಯನ್ನೇ ನೋಡುತ್ತಿದ್ದಳು. ದೇವರಿಗೆ ಏರಿಸಿ ತಂದಿದ್ದ ಹೊಸ ಕುಪ್ಪಸದ ಖಣವನ್ನು ಪರ್ರೆಂದು ಹರಿದು ಕೊಟ್ಟಳು. "ಲಗೂನ ಒರಸು" ಎಂದಳು. ಒಳಗೆ ಹೊರಗೆ ಒರೆಸಿ, ಬಿಸಿಲಿಗೆ ಹಿಡಿದು, ಕೂರಿಸಿ, ಸೆಲ್ಫ್ ಒತ್ತಿದೆ. ಒಂದೇ ಏಟಿಗೆ ಸ್ಟಾರ್ಟ್ ಆಯಿತು. ನನಗೆ ಹೆಮ್ಮೆಯಾಯಿತು, ಏಕೆ ಸುಳ್ಳು ಹೇಳಲಿ.

ಮೈಲಿ ದೂರದಲ್ಲಿ ಸಿಕ್ಕ ಅಕ್ಕನನ್ನು ಹತ್ತಿಸಿಕೊಂಡೆವು. ಸೊರಬದ ಕಡೆ ಹೋಗುತ್ತ ಹೋಗುತ್ತ ಹೊಲ ಕಡಿಮೆಯಾಗಿ ಗದ್ದೆ ಹೆಚ್ಚಾಯಿತು, ಗಾಳಿ ತಣ್ಣಗಾಯಿತು. ಶಾಲೆ ಮುಟ್ಟಿದಾಗ ಮಧ್ಯಾಹ್ನಕ್ಕೆ ಇನ್ನೂ ಹೊತ್ತಿತ್ತು. "ಬನ್ನಿ, ನಿಮ್ಮನ್ನೇ ಕಾಯ್ತಾ ಇದ್ದೆ" ಎಂದರು ಮುಖ್ಯೋಪಾಧ್ಯಾಯಿನಿ. ಅವ್ವ ಅಕ್ಕನ ಬಾಡಿಗೆ ಕೋಣೆ ಗುಡಿಸಿ, ಒಲೆ ಹೂಡಿ, ಒಂದು ಹೊತ್ತಿನ ಅಡಿಗೆ ಮಾಡಿಟ್ಟೇ ಕಾರು ಹತ್ತಿದಳು.

ವಾಪಸು ಬರುವಾಗ ಅವಳು ಮುಂದಿನ ಸೀಟಿನಲ್ಲಿ ಕೂತಳು. ಶಿರಾಳಕೊಪ್ಪ ದಾಟಿದ ಮೇಲೆ, "ಆ ಕರಿ ಮುಚ್ಚಳಕ್ಕೆ ನೀರು ತಾಗಿಸಬ್ಯಾಡ ಅಂತ, ಗಾಡಿ ತೊಳಿಯೋ ಆಳಿಗೆ ನೀ ಬೈತಿದ್ದಿಯಲ್ಲ" ಎಂದಳು.

"ಹೂಂ."

"ಅದಕ್ಕೇ ಅಲ್ಲಿಗೇ ಹಾಕಿದ್ದೆ."

ನನಗೆ ಸಿಟ್ಟು ಬಂತು. ಗಾಡಿ ನಿಲ್ಲಿಸಿ ಅವಳ ಕಡೆ ತಿರುಗಿದೆ. ಅವಳ ಕಣ್ಣು ತುಂಬಿದ್ದವು.

"ಮತ್ತ ಖಣ ಯಾಕ ಹರಿದು ಕೊಟ್ಟೆ?" ಎಂದೆ.

"ಆ ಬಿಸಿಲಾಗ ಬರಿಗಾಲಾಗ ಹೊಂಟಿದ್ಲಲ್ಲೋ" ಎಂದಳು ಅವ್ವ. "ಗುಡಿ ಬಾಗಿಲಾಗ ಬಿಟ್ಟ ಚಪ್ಪಲಿನೂ ಮೆಟ್ಟಲಿಲ್ಲ."