ಬೆಳೆಯುವ ಮಗುವಿನ ಕೋವಿ

ಮಗಳು ಹುಟ್ಟಿದಂದಿನಿಂದ ಅವಳ ಅಳತೆಯ ಒಂದೇ ಒಂದು ವಸ್ತುವನ್ನು ನಾನು ಕೊಂಡವನಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದೆ. ಬೂಟಾದರೆ ಎರಡು ಸೈಜು ದೊಡ್ಡದು, ತುದಿಗೆ ಹತ್ತಿ. ಯೂನಿಫಾರ್ಮಿನ ಸ್ಕರ್ಟಾದರೆ ಒಳಗೆ ಮೂರು ಮಡಿಕೆ, ವರ್ಷಕ್ಕೊಂದು ಬಿಚ್ಚುವುದು. ಇಲ್ಲಿ ಬಹ್ರೈನಿನಲ್ಲಿ, ಈಸಾ ಟೌನಿನ ಶಾಲೆಯಿಂದ ಬರುವ ಬಸ್ಸು ನಮ್ಮ ಬಾಗಿಲಲ್ಲಿ ನಿಂತರೆ ಮೊದಲು ಬ್ಯಾಗು ಇಳಿಯುತ್ತಿತ್ತು, ಆಮೇಲೆ ಸ್ಕರ್ಟು, ಕೊನೆಗೆ ಮಗಳು. ಸೈಕಲ್ಲಿನ ಪೆಡಲಿಗೆ ಅವಳ ಕಾಲು ಎಟುಕುವಷ್ಟರಲ್ಲಿ ನಾವಿರುವ ಸೆಗಯಾದ ಉಪ್ಪುಗಾಳಿಗೆ ಅದರ ಚೈನೇ ತುಕ್ಕು ಹಿಡಿದು ಕೂತಿತ್ತು. ಯಾರು ಕೇಳಿದರೂ ನನ್ನದು ಒಂದೇ ಉತ್ತರ, "ಬೆಳೆಯುವ ಮಗು ಅಲ್ವಾ ಮಾರಾಯ್ರೆ!"

ನಮ್ಮ ಮನೆಯಲ್ಲಿ ಸೋಫಾ ಇಲ್ಲ. ಯಾಕೆಂದರೆ ನಾವು ಇನ್ನೆರಡು ವರ್ಷದಲ್ಲಿ ಊರಿಗೆ ಹೋಗುವವರು. ಇನ್ನೆರಡು ವರ್ಷ, ಇನ್ನೆರಡು ವರ್ಷ ಅಂತ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಹದಿನಾಲ್ಕು ವರ್ಷವಾಯಿತು. ಅಂಥ ಮನೆಯ ಮಗು ಅವಳು.

ತಮಾಷೆಯೆಂದರೆ ಬೆಳೆಯುವ ಮಗು ಬೆಳೆಯಲಿಲ್ಲ. ಹನ್ನೆರಡು ತುಂಬಿದರೂ ಕ್ಲಾಸಿಗೆಲ್ಲ ಗಿಡ್ಡ. ಫೋಟೋದಲ್ಲಿ ಯಾವಾಗಲೂ ಮುಂದಿನ ಸಾಲು, ನಾಟಕದಲ್ಲಿ ಯಾವಾಗಲೂ ಮೊಲ. ಸ್ಪೋರ್ಟ್ಸ್ ಡೇ ದಿನ ಅವಳಿಗೆ ಬ್ಯಾನರಿನ ಒಂದು ತುದಿ ಹಿಡಿಯುವ ಕೆಲಸ ಕೊಟ್ಟರು, ಆ ತುದಿ ನೆಲ ಗುಡಿಸಿಕೊಂಡು ಹೋಯಿತು. ಅವಳು ನಗುತ್ತಿದ್ದಳು. ಒಳಗೆ ಏನಾಗುತ್ತಿತ್ತೋ ನಾನು ಕೇಳಿದವನಲ್ಲ.

ಹೀಗಿರುವಾಗ ಒಂದು ಚಳಿಗಾಲದ ಶುಕ್ರವಾರ ನಮ್ಮ ಆಫೀಸಿನವರು ಕುಟುಂಬ ಸಮೇತ ಒಂದು ಶೂಟಿಂಗ್ ಕ್ಲಬ್ಬಿಗೆ ಕರೆದುಕೊಂಡು ಹೋದರು. ಅಲ್ಲಿ ಮಕ್ಕಳನ್ನು ಚಾಪೆಯ ಮೇಲೆ ಬೋರಲು ಮಲಗಿಸಿ, ಪಕ್ಕದಲ್ಲೇ ಕೂತು, ಸಣ್ಣ ಗುಂಡಿನ ಕೋವಿಯಿಂದ ಐದೈದು ಈಡು ಹೊಡೆಸುತ್ತಿದ್ದರು. ಕಲಿಸುವವರು ಐವತ್ತರ ಹತ್ತಿರದ ಬಹ್ರೈನಿ ಹೆಂಗಸು, ಅಬಾಯಾ ನಿಲುವಂಗಿಯ ಮೇಲೆ ದಾರದಲ್ಲಿ ನೇತಾಡುವ ಕನ್ನಡಕ. ಇಲ್ಲಿ ಆಟ ಕಲಿಸುವವರಿಗೆಲ್ಲ ಕ್ಯಾಪ್ಟನ್ ಅನ್ನುವುದು ರೂಢಿ, ಹಾಗಾಗಿ ಅವರೂ ಕ್ಯಾಪ್ಟನ್. ನನ್ನ ಮಗಳ ಸರದಿ ಮುಗಿದ ಮೇಲೆ ಅವರು ಗುರಿಯ ಕಾಗದ ತಂದು ಕನ್ನಡಕ ಏರಿಸಿ ನೋಡಿದರು. ಕಿಸೆಯಿಂದ ನೂರು ಫಿಲ್ಸಿನ ಒಂದು ನಾಣ್ಯ ತೆಗೆದು ಕಾಗದದ ಮೇಲಿಟ್ಟರು. ನಾಲ್ಕು ತೂತು ಅದರಡಿ ಮುಚ್ಚಿಹೋದವು, ಐದನೆಯದು ಅಂಚಿನಲ್ಲಿ ಇಣುಕುತ್ತಿತ್ತು. "ಇವಳನ್ನು ನನಗೆ ಕೊಡಿ" ಅಂದರು ಕ್ಯಾಪ್ಟನ್.

ಆ ಕಾಗದ ನಮ್ಮ ಫ್ರಿಜ್ಜಿನ ಬಾಗಿಲೇರಿತು. ಹಾಲು ತೆಗೆಯುವಾಗ, ನೀರು ತೆಗೆಯುವಾಗ, ಏನೂ ತೆಗೆಯದೆಯೂ ಅವಳು ಹೋಗಿ ಅದನ್ನು ನೋಡಿ ಬರುತ್ತಿದ್ದಳು. ಮಲಗಿ ಹೊಡೆಯುವ ಆಟದಲ್ಲಿ ಗಿಡ್ಡ ಯಾರು, ಉದ್ದ ಯಾರು? ಚಳಿ ಮುಗಿಯುವಾಗ ಕ್ಲಬ್ಬಿನಲ್ಲಿ ಕಿರಿಯರ ತಂಡಕ್ಕೆ ಆಯ್ಕೆ, ನಾಲ್ಕು ಜನರಿಗೆ ಜಾಗ. ಆ ನಾಲ್ವರಲ್ಲಿ ತಾನೊಬ್ಬಳಾಗಬೇಕು ಅನ್ನುವುದು ಬಿಟ್ಟರೆ ಅವಳಿಗೆ ಬೇರೆ ಮಾತಿರಲಿಲ್ಲ.

ಊರಿನಿಂದ ಅತ್ತೆ ವಿಡಿಯೋ ಕಾಲಿನಲ್ಲಿ ಹಣೆ ಹಣೆ ಬಡಿದುಕೊಂಡರು, "ಹೆಣ್ಣು ಮಗುವಿಗೆ ಕೋವಿಯಾ? ಭರತನಾಟ್ಯ ಇಲ್ವಾ ನಿಮ್ಮಲ್ಲಿ?" ಕನ್ನಡದವರ ವಾಟ್ಸ್ಯಾಪ್ ಗುಂಪಿನಲ್ಲಿ ಒಬ್ಬರು, ಯಾರ ಮೇಲೆ ಯುದ್ಧ ಸಾರ್, ಅಂತ ಕೇಳಿದರು. ಇನ್ನೊಬ್ಬರು ಇದಕ್ಕೆ ಎಂಜಿನಿಯರಿಂಗ್ ಸೀಟಿನಲ್ಲಿ ಸ್ಪೋರ್ಟ್ಸ್ ಕೋಟಾ ಉಂಟು ಅಂತ ಬರೆದದ್ದೇ ತಡ, ಯುದ್ಧ ಕೇಳಿದವರೇ ಕ್ಲಬ್ಬಿನ ವಿಳಾಸ ಕೇಳಿದರು. ಅತ್ತೆಗೂ ಸುದ್ದಿ ಮುಟ್ಟಿತು. ಮರುದಿನದಿಂದ ಅವರು ಭರತನಾಟ್ಯದ ಸುದ್ದಿ ಎತ್ತಲಿಲ್ಲ.

ಕೋವಿ ಮನೆಗೆ ತರುವ ಹಾಗಿಲ್ಲ. ಅದು ಕ್ಲಬ್ಬಿನದ್ದು, ಕ್ಲಬ್ಬಿನ ಕಬ್ಬಿಣದ ಕಪಾಟಿನಲ್ಲೇ ಇರುತ್ತದೆ. ಒಂದು ಮಗುವಿಗೆ ಒಂದು ಕೋವಿ ಆರಿಸಿ ತಂದೆತಾಯಿ ಸಹಿ ಹಾಕಬೇಕು, ಸೀಸನ್ ಪೂರ್ತಿ ಅದೇ. ಹೆಸರು ನಂಬರು ಬರೆದ ಕಾಗದ ಮೇಲಿನವರಿಗೆ ಹೋದರೆ ಖಲಾಸ್, ಬದಲಾಯಿಸುವ ಹಾಗಿಲ್ಲ. ಆರಿಸುವ ಕೆಲಸಕ್ಕೆ ನಾನು ಇಸ್ತ್ರಿ ಶರಟು ಹಾಕಿಕೊಂಡು ಹೋದೆ. ಕೋವಿಯ ವಿಷಯದಲ್ಲಿ ನಾನೇನು ಸಾಮಾನ್ಯನಲ್ಲ, ಗೊತ್ತುಂಟಾ? ನನ್ನ ಸೋದರಮಾವನ ಹತ್ತಿರ ಹಂದಿ ಓಡಿಸುವ ಕೋವಿ ಇತ್ತು. ಪ್ರತಿ ಚುನಾವಣೆಗೆ ಅವರು ಅದನ್ನು ಪೊಲೀಸ್ ಠಾಣೆಯಲ್ಲಿ ಇಟ್ಟು ಬರುವಾಗ ನಾನು ಸೈಕಲ್ಲಿನ ಹಿಂದೆ ಕೂತು ಅದನ್ನು ಅಪ್ಪಿ ಹಿಡಿದವನು. ಇಷ್ಟರ ಬಲದ ಮೇಲೆ ಕ್ಯಾಪ್ಟನ್ನರಿಗೆ ನಳಿಗೆಯ ಉದ್ದದ ಬಗ್ಗೆ ಹತ್ತು ನಿಮಿಷ ತಿಳಿಸಿ ಹೇಳಿದೆ. ಪಾಪ, ಕೇಳಿಸಿಕೊಂಡರು.

ಮೇಜಿನ ಮೇಲೆ ಎರಡು ಕೋವಿ ಇಟ್ಟಿದ್ದರು. ಒಂದು ಗಿಡ್ಡ, ಹಗುರ, ಮರವೆಲ್ಲ ಗೀಚಿಹೋಗಿದೆ, ಹಿಂದೆ ಯಾವುದೋ ಮಗು ಅಂಟಿಸಿದ ನಕ್ಷತ್ರದ ಸ್ಟಿಕ್ಕರು ಅರ್ಧ ಉಳಿದಿದೆ. ಇನ್ನೊಂದು ಪೂರ್ತಿ ಉದ್ದದ್ದು, ಕಪ್ಪಗೆ ಮಿರಿಮಿರಿ. ಕ್ಯಾಪ್ಟನ್ ಮಗಳ ಕೈ ಮಡಿಚಿಸಿ, ಗಿಡ್ಡ ಕೋವಿಯ ಬುಡವನ್ನು ಮೊಣಕೈಯ ಮಡಿಕೆಗೆ ಆನಿಸಿದರು. ಬೆರಳು ಸೀದಾ ಹೋಗಿ ಟ್ರಿಗರಿನ ಮೇಲೆ ಕೂತಿತು. ದೊಡ್ಡದನ್ನು ಆನಿಸಿದರು. ಬೆರಳು ಎರಡಿಂಚು ಈಚೆಗೇ ನಿಂತು ಗಾಳಿ ಕೆರೆಯಿತು. "ಇದು" ಅಂತ ಗಿಡ್ಡದನ್ನು ಮುಂದೆ ತಳ್ಳಿದರು. ಮಗಳು ಆಗಲೇ ಆ ಸ್ಟಿಕ್ಕರನ್ನು ಸವರುತ್ತಿದ್ದಳು.

"ಎರಡಕ್ಕೂ ಫೀಸು ಎಷ್ಟು?" ಅಂತ ಕೇಳಿದೆ.

"ಒಂದೇ."

"ಮತ್ತೆ ಸಣ್ಣದು ಯಾಕೆ?"

"ಮಗು ಸಣ್ಣದು, ಅದಕ್ಕೆ" ಅಂದರು ಕ್ಯಾಪ್ಟನ್.

ನನಗೆ ನಗು ಬಂತು. ಒಂದೇ ಫೀಸಿಗೆ ಮುಕ್ಕಾಲು ಕೋವಿ ತೆಗೆದುಕೊಂಡು ಹೋಗಲು ನಾನೇನು ಮಂಗನಾ? "ಕ್ಯಾಪ್ಟನ್, ಬೆಳೆಯುವ ಮಗು" ಅಂದೆ. "ಈ ಸೀಸನ್ನಿನೊಳಗೆ ಬೆಳೆಯುತ್ತಾಳಾ?" ಅಂತ ಅವರು ಕೇಳಿದರು. "ಇನ್ಶಾಲ್ಲಾ" ಅಂದೆ. ಆ ಮಾತಿಗೆ ಎದುರಾಡಲು ಈ ದೇಶದಲ್ಲಿ ಯಾರಿಗಾದರೂ ಬಾಯಿ ಬರುತ್ತದಾ? ಆಫೀಸಿನಲ್ಲಿ ಹದಿನಾಲ್ಕು ವರ್ಷ ನನ್ನ ಮೇಲೆ ಪ್ರಯೋಗವಾದ ಅಸ್ತ್ರ ಅದು, ಒಮ್ಮೆ ನಾನೂ ಬಿಟ್ಟೆ. ಕ್ಯಾಪ್ಟನ್ ಸಹಿಯ ಕಾಗದ ತೆಗೆದರು.

ಮಗಳು ನನ್ನ ತೋಳು ಎಳೆದಳು. "ಪಪ್ಪಾ, ನನಗೆ ಇದು ಕರೆಕ್ಟ್ ಉಂಟು. ಪ್ಲೀಸ್ ಪಪ್ಪಾ."

"ಈಗ ಕರೆಕ್ಟ್ ಇರ್ತದೆ. ಮುಂದೆ?" ಅಂತ ಹೇಳಿ ದೊಡ್ಡದಕ್ಕೆ ಸಹಿ ಹಾಕಿದೆ. ನಮ್ಮ ಹಿಂದೆ ನಿಂತಿದ್ದ ಇನ್ನೊಬ್ಬ ತಂದೆ ಗಿಡ್ಡದನ್ನು ತನ್ನ ಮಗಳಿಗೆ ತೆಗೆದುಕೊಂಡ. ಅವನನ್ನು ನೋಡಿ ಅಯ್ಯೋ ಪಾಪ ಅನಿಸಿತು.

ಮನೆಯಲ್ಲಿ ಹೆಂಡತಿ ಎಲ್ಲ ಕೇಳಿ ಒಂದೇ ಮಾತು ಹೇಳಿದಳು. "ನೀವು ಮಗಳಿಗೆ ಕೋವಿ ನೋಡಿದ್ದಲ್ಲ, ಕೋವಿಗೆ ಮಗಳನ್ನು ನೋಡಿದ್ದು."

ಆಮೇಲೆ ಮಗಳನ್ನು ಕೋವಿಯ ಅಳತೆಗೆ ತರುವ ಕೆಲಸ ಶುರುವಾಯಿತು. ಬೆಳಿಗ್ಗೆ ಹಾಲು, ಸಂಜೆ ರಾಗಿ, ಬಾಗಿಲ ಚೌಕಟ್ಟಿಗೆ ಜೋತು ಬೀಳುವುದು ಇಪ್ಪತ್ತು ಎಣಿಸುವವರೆಗೆ. ಪೆನ್ಸಿಲಿನಿಂದ ಗೋಡೆಯ ಮೇಲೆ ವಾರ ವಾರ ಗೀಟು ಹಾಕಿದೆ. ಗೀಟಿನ ಮೇಲೆ ಗೀಟು ಕೂತು ಅಲ್ಲಿ ಒಂದೇ ದಪ್ಪ ಗೀಟಾಯಿತು. ಮಗಳು ನೆಲ ಒರೆಸುವ ಮಾಪಿನ ಕೋಲು ಹಿಡಿದು ಪಡಸಾಲೆಯಲ್ಲಿ ಬೋರಲು ಮಲಗಿ, ಉಸಿರು ಕಟ್ಟಿ, ಫ್ರಿಜ್ಜಿನ ಕಾಗದಕ್ಕೆ ಗುರಿಯಿಟ್ಟು ಅಭ್ಯಾಸ ಮಾಡುತ್ತಿದ್ದಳು. ಕ್ಲಬ್ಬಿನಿಂದ ಬಂದ ದಿನ ಎಡಗೈ ಎತ್ತಲಾಗದೆ ಬಲಗೈಯೊಂದರಲ್ಲೇ ಜಡೆ ಹೆಣೆಯಲು ಒದ್ದಾಡುತ್ತಿದ್ದಳು. ದೂರು ಮಾತ್ರ ಹೇಳಲಿಲ್ಲ.

ಅಷ್ಟಾದ ಮೇಲೆ ನನಗೂ ಒಳಗೆ ಚುರುಕ್ ಅಂದಿರಬೇಕು, ಒಂದು ಉಪಾಯ ಹುಡುಕಿಕೊಂಡು ಕ್ಯಾಪ್ಟನ್ನರ ಹತ್ತಿರ ಹೋದೆ. "ಸಲ್ಮಾಬಾದಿನಲ್ಲಿ ನನ್ನ ಗೆಳೆಯನದ್ದು ಮರದ ವರ್ಕ್‌ಶಾಪ್ ಉಂಟು. ಬುಡದ ಮರ ಎರಡಿಂಚು ಕೊಯ್ದು ಕೊಡ್ತಾನೆ. ಇವಳು ಉದ್ದ ಆದ ಮೇಲೆ ಅದೇ ತುಂಡು ವಾಪಸ್ ಅಂಟಿಸಿದರಾಯ್ತಲ್ಲ?" ಕ್ಯಾಪ್ಟನ್ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಇದು ಕ್ಲಬ್ಬಿನ ರೈಫಲ್, ಬಾಬಾ. ನಿಮ್ಮ ಮಗಳ ಸ್ಕರ್ಟ್ ಅಲ್ಲ" ಅಂದರು. ಸ್ಕರ್ಟಿನ ವಿಷಯ ಅವರಿಗೆ ಹೇಗೆ ಗೊತ್ತಾಯಿತೋ! ಗಿಡ್ಡ ಕೋವಿ ವಾಪಸ್ ಸಿಗುತ್ತದಾ ಅಂತ ಮೆಲ್ಲ ಕೇಳಿದೆ. ಅದಾಗಲೇ ಇನ್ನೊಂದು ಮಗುವಿನ ಹೆಸರಿನಲ್ಲಿತ್ತು. ಖಲಾಸ್.

ಆಯ್ಕೆಯ ದಿನ ಮಗಳು ಮೊದಲ ಹತ್ತು ಈಡನ್ನು ಹೇಗೆ ಹೊಡೆದಳೋ ಆ ದೇವರಿಗೇ ಗೊತ್ತು, ಎಲ್ಲ ನಡುವಿಗೇ ಬಿದ್ದವು. ಆಮೇಲೆ ಭಾರಕ್ಕೆ ಎಡಗೈ ಸೋತು ನಳಿಗೆ ಕೆಳಗೆ ಜಾರತೊಡಗಿತು. ಗುರಿ ನೋಡುವ ತೂತಿಗೆ ಕಣ್ಣು ಮುಟ್ಟಿಸಲು ಅವಳು ಕತ್ತು ಚಾಚುವುದು, ಟ್ರಿಗರಿಗೆ ಬೆರಳು ಮುಟ್ಟಿಸಲು ಭುಜ ಜಾರಿಸುವುದು, ಮತ್ತೆ ಕತ್ತು ಚಾಚುವುದು. ಗಾಜಿನ ಈಚೆ ನಿಂತು ನಾನು ನೋಡುತ್ತಿದ್ದೆ. ನಾಲ್ಕನೆಯ ಜಾಗ ಗಿಡ್ಡ ಕೋವಿಯ ಹುಡುಗಿಗೆ ಹೋಯಿತು. ನನ್ನ ಮಗಳು ಐದನೆಯವಳು. ಎದ್ದು ಹೋಗಿ ಆ ಹುಡುಗಿಯ ಕೈ ಕುಲುಕಿದಳು, ಎಡಗೈ ಪಕ್ಕದಲ್ಲಿ ಸುಮ್ಮನೆ ಜೋತಿತ್ತು.

ಕಾರಿನಲ್ಲಿ ನಾನು, "ಮುಂದಿನ ವರ್ಷ ಉಂಟಲ್ಲ ಮಗಾ" ಅಂದೆ. ಅವಳು "ಉಂಟು" ಅಂದಳು. ಮನೆಗೆ ಬಂದವಳೇ ಫ್ರಿಜ್ಜಿನ ಕಾಗದ ತೆಗೆದು ಮಡಿಚಿ ಪುಸ್ತಕದೊಳಗಿಟ್ಟಳು. ಹೆಂಡತಿ ಬಯ್ಯುತ್ತಾಳೆ ಅಂತ ಕಾದೆ, ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಊಟ ಇಳಿಯುತ್ತಿತ್ತು.

ಆ ಬೇಸಿಗೆಯ ರಜೆಗೆ ಅಜ್ಜಿ ಮನೆಗೆ ಹೋದ ಮಗಳು ವಾಪಸ್ ಬರುವಾಗ ವಿಮಾನ ನಿಲ್ದಾಣದಲ್ಲಿ ನನಗೆ ಗುರುತೇ ಹತ್ತಲಿಲ್ಲ. ಹಾಲಿಗೂ ರಾಗಿಗೂ ಜಗ್ಗದವಳು ಯಾರ ಅಪ್ಪಣೆಯೂ ಇಲ್ಲದೆ ಜರ್ರನೆ ಬೆಳೆದಿದ್ದಳು. ಸ್ಕರ್ಟಿನ ಮಡಿಕೆ ಮೂರೂ ಒಟ್ಟಿಗೆ ಬಿಚ್ಚಬೇಕಾಯಿತು.

ಹೊಸ ಸೀಸನ್ನಿಗೆ ಸಹಿ ಹಾಕಲು ಹೋಗುವಾಗ ನಾನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಎಲ್ಲರಿಗಿಂತ ಮೊದಲು ಹೋಗಿ ನಿಂತೆ. "ಕ್ಯಾಪ್ಟನ್, ಹೋದ ವರ್ಷ ನನ್ನದು ತಪ್ಪಾಯಿತು. ಆ ಗಿಡ್ಡದನ್ನೇ ಕೊಡಿ." ಅವರು ಅದನ್ನು ತಂದು ಮಗಳ ಮೊಣಕೈಯ ಮಡಿಕೆಗೆ ಆನಿಸಿದರು. ಬೆರಳು ಟ್ರಿಗರನ್ನು ದಾಟಿ ಎಷ್ಟೋ ಮುಂದೆ ಹೋಗಿ ನಿಂತಿತು. ದೊಡ್ಡದನ್ನು ಆನಿಸಿದರು. ಅದು ಈಗಲೂ ಉದ್ದ. ಒಳಗೆ ಹೋಗಿ ಮಧ್ಯಮ ಅಳತೆಯದ್ದೊಂದನ್ನು ತಂದರು. ಇದು ಹೇಗೆ ಅಂತ ಅವರು ಕೇಳಿದ್ದು ನನ್ನನ್ನಲ್ಲ, ಮಗಳನ್ನು. ಸರಿ ಉಂಟು ಅಂತ ಅವಳು ತಲೆಯಾಡಿಸಿದಳು. ನಾನು ಬಾಯಿ ಮುಚ್ಚಿಕೊಂಡು ಸಹಿ ಹಾಕಿದೆ.

ಹೊರಡುವ ಮೊದಲು ಅವಳು ಮೇಜಿನ ಮೇಲಿದ್ದ ಗಿಡ್ಡ ಕೋವಿಯ ಸ್ಟಿಕ್ಕರನ್ನು ಒಮ್ಮೆ ಬೆರಳಿನಿಂದ ಒತ್ತಿದಳು. ಸಿಟ್ಟಿಲ್ಲ, ಅಳುವಿಲ್ಲ, ಸುಮ್ಮನೆ ಲೆಕ್ಕದ ಉತ್ತರ ಹೇಳಿದ ಹಾಗೆ ಹೇಳಿದಳು.

"ಪಪ್ಪಾ, ನಾನು ಈ ಸೈಜಿನಲ್ಲಿ ಇದ್ದದ್ದು ಒಂದೇ ವರ್ಷ."

ಎಲ್ಲರಿಗೂ ಕೊಡುತ್ತಿದ್ದ ಆ ಒಂದು ಉತ್ತರ ನಾಲಗೆಯ ತುದಿಯವರೆಗೆ ಬಂತು. ಬೆಳೆದು ನಿಂತ ಮಗು ಎದುರಿಗೇ ಇತ್ತು.